ಲೆಬನಾನ್ ಹೋಟೆಲಿನ ಬಿಳಿ ಚಟ್ನಿ

ಯಾರಿಗಾದರೂ ‘ಆಗುವುದಿಲ್ಲ’ ಎಂದು ಹೇಳಬೇಕಾಗಿದ್ದರೆ ಅವರ ಎದುರು ಊಟಕ್ಕೆ ಕೂರಬಾರದು. ನಿಂತುಕೊಂಡು ಹೇಳಬಹುದು, ಫೋನಿನಲ್ಲಿ ಹೇಳಬಹುದು, ಮೂರನೆಯವರ ಬಾಯಲ್ಲಿ ಹೇಳಿಸಬಹುದು. ಕಿಟಕಿಯ ಹಿಂದೆ ಕೂತು ಹೇಳುವುದಂತೂ ಎಲ್ಲಕ್ಕಿಂತ ಸುಲಭ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕುಮಟೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿರುವ ನನಗೆ ‘ಇಲ್ಲ’ ಎನ್ನುವುದೇ ಹೊಟ್ಟೆಪಾಡು. “ಸಂತೆಗುಳಿ ಬಸ್ ಬಂತಾ?” “ಇಲ್ಲ.” “ಎಷ್ಟೊತ್ತಿಗೆ ಬರ್ತದೆ?” “ಬಂದಾಗ.” “ಗೋಕರ್ಣದ್ದು?” “ಹೋಯ್ತು.” ಇಷ್ಟನ್ನೂ ಕತ್ತೆತ್ತಿ ನೋಡದೆ ಹೇಳುವ ಕಲೆ ನನಗೆ ಸಿದ್ಧಿಸಿದೆ. ಕತ್ತೆತ್ತಿ ನೋಡಿದರೆ ಕಷ್ಟ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ, ಮುಖದಲ್ಲಿ ಬೆವರು ಎಲ್ಲ ಕಾಣುತ್ತದೆ. ಆಮೇಲೆ ‘ಇಲ್ಲ’ ಎನ್ನುವಾಗ ದನಿ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ನಾನು ಬಸ್ಸಿನ ಹಾಳೆಯ ಮೇಲೆ ಕಣ್ಣಿಟ್ಟೇ ಇಷ್ಟು ವರ್ಷ ನೌಕರಿ ಮಾಡಿದವನು. ಇಂಥ ಪಳಗಿದ ಮನುಷ್ಯ ಒಂದು ಭಾನುವಾರ ಮಧ್ಯಾಹ್ನ ಭಟ್ಕಳದ ಲೆಬನಾನ್ ಹೋಟೆಲಿನಲ್ಲಿ ಕೂತು, ಮೊದಲೇ ಬಾಯಿಪಾಠ ಮಾಡಿಕೊಂಡು ಹೋದ ಒಂದೇ ಒಂದು ‘ಇಲ್ಲ’ವನ್ನು ಹೇಳಲಾರದೆ ಎದ್ದುಬಂದ ಸಂಗತಿ ಇದು.

ವಿಷಯ ನನ್ನ ಮಗಳದ್ದು. ರಂಜಿತಾ ಹೊನ್ನಾವರದ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಮೋಹನ ಪಶುಪಾಲನಾ ಇಲಾಖೆಯವನು, ಭಟ್ಕಳ ತಾಲೂಕಿನ ಮುಟ್ಟಳ್ಳಿಯವನು. ದನಕ್ಕೆ ಇಂಜೆಕ್ಷನ್ ಕೊಡಲು ಹೋಗಿ, ಆ ಮನೆಯ ನಾಯಿಯಿಂದ ಕಚ್ಚಿಸಿಕೊಂಡು, ತಾನೇ ಇಂಜೆಕ್ಷನ್ ತೆಗೆದುಕೊಳ್ಳಲು ಬಂದವನಂತೆ. ಇವಳು ಅವನ ತೋಳಿನಿಂದ ರಕ್ತ ತೆಗೆಯುವಾಗ ಅವನು ಕಣ್ಣು ಮುಚ್ಚಿಕೊಂಡನಂತೆ. “ಇಡೀ ದಿನ ಎಮ್ಮೆಗೆ ಸೂಜಿ ಚುಚ್ಚುವವನು ತನಗೆ ಚುಚ್ಚುವಾಗ ಕಣ್ಣು ಮುಚ್ಕಂಡ ಪಪ್ಪಾ,” ಎಂದು ನಗುತ್ತ ಹೇಳಿದ್ದಳು. ಆ ನಗು ಕೇಳಿದಾಗಲೇ ನನಗೆ ಅರ್ಥವಾಗಬೇಕಿತ್ತು. ಆಗ ನಾನು, ಇಲಾಖೆಯವರು ನಾಯಿ ಕಚ್ಚಿದ್ದಕ್ಕೆ ರಜೆ ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸುತ್ತಿದ್ದೆ.

ಹುಡುಗನನ್ನು ನಾನು ಒಮ್ಮೆ ನೋಡಿದ್ದೆ. ದೂರು ಹೇಳುವಂಥದ್ದು ಏನೂ ಸಿಗಲಿಲ್ಲ. ತೊಂದರೆ ಇದ್ದದ್ದು ಹೆಸರಿನ ಕೊನೆಯಲ್ಲಿ. ನಾವು ಹಿರೇಗುತ್ತಿಯ ನಾಯಕರು. ಅವರು ಮುಟ್ಟಳ್ಳಿಯ ನಾಯ್ಕರು. ಹೊರಗಿನವರಿಗೆ ಇದರಲ್ಲಿ ವ್ಯತ್ಯಾಸವೇ ಕಾಣಲಿಕ್ಕಿಲ್ಲ. ಬರೆಯುವಾಗ ‘ಕ’ ಅಕ್ಷರ ‘ಯ’ದ ಪಕ್ಕದಲ್ಲಿ ಕೂತಿತೋ, ಅದರ ಕಾಲಬುಡದಲ್ಲಿ ಕೂತಿತೋ ಎಂಬಷ್ಟೇ ಸಂಗತಿ. ಆದರೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಗೊತ್ತು, ಮದುವೆಯ ಮಾತು ಬಂದಾಗ ಆ ಅರ್ಧ ಅಕ್ಷರ ಶರಾವತಿಗಿಂತ ಅಗಲವಾಗಿಬಿಡುತ್ತದೆ. ಇದರಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂದು ಕೇಳಿದರೆ ಎರಡೂ ದಡದವರು ಒಂದೇ ಉತ್ತರ ಕೊಡುತ್ತಾರೆ. ಒಂದೇ ಆಫೀಸು, ಒಂದೇ ಬಸ್ಸು, ಒಂದೇ ಮೀನು ಪೇಟೆ. ಒಂದೇ ಚಪ್ಪರ ಮಾತ್ರ ಇಲ್ಲ.

ನಾನು ಇಂಥದನ್ನೆಲ್ಲ ನಂಬುವವನಲ್ಲ ಎಂದು ತಿಳಿದುಕೊಂಡಿದ್ದೆ. ಪಕ್ಕದ ಮನೆಯ ಹುಡುಗಿಯದ್ದಾಗಿದ್ದರೆ ನಾನೇ ಮುಂದೆ ನಿಂತು, ಎರಡು ಮಾತು ಭಾಷಣವನ್ನೂ ಮಾಡಿ ಮದುವೆ ಮಾಡಿಸುತ್ತಿದ್ದೆ. ನಮ್ಮ ಮನೆಯದೇ ಆದಾಗ, ತತ್ತ್ವ ಬೇರೆ, ಹಿರೇಗುತ್ತಿಯಲ್ಲಿರುವ ಅಕ್ಕ ಬೇರೆ ಎಂದು ತಿಳಿಯಿತು. ಅಪ್ಪ ಅಮ್ಮ ಹೋದ ಮೇಲೆ ನಮ್ಮ ಕುಟುಂಬಕ್ಕೆ ಅಕ್ಕನೇ ಹಿರಿಯಳು. ಅವಳಿಗೆ ಫೋನು ಮಾಡಿ ಹೇಳಿದೆ. ಸಿಟ್ಟು ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. “ಹುಡ್ಗ ಒಳ್ಳೆಯವನೇ ಇರ್ಬೌದು, ನಾ ಅವ್ನ ಸುದ್ದಿ ಹೇಳ್ತಾ ಇಲ್ಲ. ಊರವ್ರಿಗೆ ಎಂತ ಹೇಳ್ತೆ?” ಎಂದಳು.

“ಊರವ್ರು ಎಂತ ಕೇಳ್ತಾರೆ ಅಕ್ಕಾ?”

“ಅವ್ರು ಎಂತದೂ ಕೇಳೂದಿಲ್ಲ ತಮಾ. ಅದೇ ತೊಂದ್ರೆ.”

ಕೇಳುವವರಿಗೆ ಏನಾದರೂ ಹೇಳಬಹುದು. ಕೇಳದೆ ಸುಮ್ಮನೆ ನೋಡಿ ಮುಂದೆ ಹೋಗುವವರಿಗೆ ಏನು ಹೇಳುವುದು? ಫೋನು ಇಟ್ಟು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಒಂದು ಸಲ ಆ ಮನೆಯವರನ್ನು ಭೇಟಿಯಾಗಿ, ನೋವಾಗದ ಹಾಗೆ ‘ಇಲ್ಲ’ ಹೇಳಿಬಿಡುವುದು. ಮಗಳಿಗೂ ನಾನು ಪ್ರಯತ್ನಪಟ್ಟ ಹಾಗೆ ಕಾಣುತ್ತದೆ.

ಆದರೆ ಎಲ್ಲಿ ಭೇಟಿಯಾಗುವುದು? ಅವರು ನಮ್ಮ ಮನೆಗೆ ಬಂದು ಒಂದು ಲೋಟ ನೀರು ಕುಡಿದರೂ ಮಾತು ಅರ್ಧ ಆದಂತೆ. ಹೆಣ್ಣಿನ ಕಡೆಯವರಾದ ನಾವು ಮೊದಲು ಅವರ ಮನೆಗೆ ಹೋಗುವುದು ನನ್ನ ಗೌರವಕ್ಕೆ ಒಪ್ಪಲಿಲ್ಲ. ಹೊನ್ನಾವರದಲ್ಲಿ ಯಾವುದಾದರೂ ಹೋಟೆಲಿನಲ್ಲಿ ಎಂದರೆ, ಅಲ್ಲಿ ಇಡ್ಲಿ ತಿನ್ನುವವರಲ್ಲಿ ಅರ್ಧ ಜನ ನನ್ನ ಕಿಟಕಿಯ ಮುಂದೆ ನಿಂತು ಬೈದು ಹೋದವರು, ಮುಖ ಮರೆಯುವವರಲ್ಲ. ಆಗ ರಂಜಿತಾ ಹೇಳಿದಳು, “ಹಾಗಾದ್ರೆ ಲೆಬನಾನಿಗೆ ಹೋಗುವಾ.”

ನನ್ನ ಹೆಂಡತಿ ನಾಗವೇಣಿ ಗಾಬರಿಯಾದಳು. “ಎಂತ ಹೇಳ್ತಾಳೆ ಇವ್ಳು? ಅಲ್ಲಿ ಯುದ್ಧ ಆಗ್ತಾ ಇಲ್ವಾ?”

“ಭಟ್ಕಳದಲ್ಲಿ ಅಮ್ಮಾ! ಹೈವೇ ಬದಿಗೆ ಹೊಸ ಹೋಟೆಲ್ ಆಗಿದೆ. ಲೆಬನಾನಿ ಊಟ. ನಮ್ಮವರು ಯಾರೂ ಬರೂದಿಲ್ಲ, ಅವರವರೂ ಯಾರೂ ಬರೂದಿಲ್ಲ.”

ಯಾರ ಊರೂ ಅಲ್ಲದ, ಯಾರ ಊಟವೂ ಅಲ್ಲದ ಜಾಗ. ‘ಇಲ್ಲ’ ಹೇಳಲು ಇದಕ್ಕಿಂತ ಪ್ರಶಸ್ತ ಸ್ಥಳ ಸಿಗಲಿಕ್ಕಿಲ್ಲವೆಂದು ನಾನು ಕೂಡಲೇ ಒಪ್ಪಿಕೊಂಡೆ. ನನ್ನ ಉತ್ಸಾಹ ನೋಡಿ ಮಗಳ ಕಣ್ಣಿನಲ್ಲಿ ಬೆಳಕು ಬಂದದ್ದು ಕಾಣಿಸಿತು. ಕಾಣದವನಂತೆ ಇದ್ದೆ.

ಹೇಳಬೇಕಾದ ವಾಕ್ಯವನ್ನು ಆ ವಾರವಿಡೀ ತಯಾರು ಮಾಡಿದೆ. “ಹುಡುಗ ಒಳ್ಳೆಯವನು, ನಿಮ್ಮ ಮನೆತನವೂ ಒಳ್ಳೆಯದು, ಆದರೆ ನಮ್ಮ ಹಿರಿಯರು ಒಪ್ಪುವುದಿಲ್ಲ, ಮನಸ್ಸಿಗೆ ತೆಗೆದುಕೊಳ್ಳಬೇಡಿ.” ಬಚ್ಚಲಿನಲ್ಲಿ ಹೇಳಿ ನೋಡಿದೆ, ಗಡ್ಡ ಹೆರೆಯುವಾಗ ಹೇಳಿ ನೋಡಿದೆ. ಅದು ನಾಲಗೆಗೆ ಎಷ್ಟು ಅಂಟಿಕೊಂಡಿತೆಂದರೆ ಶನಿವಾರ ಮೈಕಿನಲ್ಲಿ, “ಹೊನ್ನಾವರ ಮಾರ್ಗವಾಗಿ ಭಟ್ಕಳಕ್ಕೆ ಹೋಗುವ ಬಸ್ಸು ತಡವಾಗಿ ಬರಲಿದೆ,” ಎಂದವನು ಅದೇ ಉಸಿರಿನಲ್ಲಿ “ಮನಸ್ಸಿಗೆ ತೆಗೆದುಕೊಳ್ಳಬೇಡಿ” ಎಂದೂ ಸೇರಿಸಿಬಿಟ್ಟೆ. ಬೆಂಚಿನ ಮೇಲಿದ್ದ ಮುದುಕರೊಬ್ಬರು ಎದ್ದುಬಂದು ಕಿಟಕಿಯಲ್ಲಿ ಇಣುಕಿ, “ಅಡ್ಡಿಲ್ಲ, ಅಡ್ಡಿಲ್ಲ, ನಮ್ಗೂ ಅವಸರ ಇಲ್ಲ,” ಎಂದು ನನ್ನನ್ನೇ ಸಮಾಧಾನಪಡಿಸಿ ಹೋದರು.

ಭಾನುವಾರ ಬಸ್ಸಿನಲ್ಲೇ ಹೋದೆವು. ಹೋಟೆಲಿನ ಬಾಗಿಲು ಗಾಜಿನದು, ಒಳಗೆ ಕಮಾನುಗಳು, ಹಿತ್ತಾಳೆಯ ದೀಪಗಳು, ಗೋಡೆಯ ಮೇಲೆ ನಮ್ಮ ಕಡಲತೀರದ ಗಾಳಿಮರದಂಥದೇ ಒಂದು ಮರದ ದೊಡ್ಡ ಚಿತ್ರ. ಹುಡುಗನ ಕಡೆಯವರು ಆಗಲೇ ಬಂದು ಕೂತಿದ್ದರು. ಮೋಹನ ಎದ್ದು ನಿಂತು ಕೈ ಮುಗಿದ. ಅವನಿಗೆ ತಂದೆ ಇಲ್ಲ. ತಂದೆಯ ಜಾಗದಲ್ಲಿ ದೊಡ್ಡಪ್ಪ ಈರಪ್ಪ ನಾಯ್ಕರು ಬಂದಿದ್ದರು. ಗದ್ದೆ, ತೆಂಗಿನ ತೋಟ ಮಾಡಿಕೊಂಡಿರುವವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಮುಖ ಮಾತ್ರ ಅಂಗಿಗಿಂತ ಬಿಗಿ. ಪಕ್ಕದಲ್ಲಿ ಹುಡುಗನ ತಾಯಿ ಮಾಸ್ತಮ್ಮ. ಅವರು ನಾಗವೇಣಿಯನ್ನು ಕಂಡವರೇ ಚೀಲದಿಂದ ಬಾಳೆಯೆಲೆಯ ಪೊಟ್ಟಣ ತೆಗೆದು, “ನಮ್ಮನೆ ಹಿತ್ಲದ್ದು,” ಎಂದು ಕೊಟ್ಟರು. ಬಿಚ್ಚಿದರೆ ಒತ್ತೊತ್ತಾಗಿ ಕಟ್ಟಿದ ಭಟ್ಕಳ ಮಲ್ಲಿಗೆ. ನಾಗವೇಣಿ ನನ್ನ ಮುಖ ನೋಡಿದಳು. ಮುಡಿದರೆ ಒಪ್ಪಿಗೆ ಎಂದಾಗುತ್ತದೆ, ಮುಡಿಯದಿದ್ದರೆ ಅವಮಾನ ಎಂದಾಗುತ್ತದೆ. “ಎಷ್ಟು ಚಂದ ಕಟ್ಟಿದ್ರಿ,” ಎಂದು ಹೇಳಿ ಅವಳು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಎಳೆಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಕೂತಳು.

ಮೆನು ಬಂತು. ಈರಪ್ಪನವರು ಅದನ್ನು ನನಗೆ ಕೊಟ್ಟು, “ನೀವೇ ಹೇಳಿ,” ಎಂದರು. ನಾನು ಒಮ್ಮೆ ತಿರುವಿ ಹಾಕಿ, ಎಲ್ಲ ತಿಂದು ಬೇಸರವಾದವನಂತೆ ಮುಖ ಮಾಡಿ, “ದೊಡ್ಡವರು, ನೀವು ಹೇಳಿ,” ಎಂದು ಹಿಂದಕ್ಕೆ ಕೊಟ್ಟೆ. ಅವರು ನಾಗವೇಣಿಗೆ, ನಾಗವೇಣಿ ಮಾಸ್ತಮ್ಮನಿಗೆ. ಹೀಗೆ ಅದು ತಾಂಬೂಲದ ತಟ್ಟೆಯಂತೆ ಮೇಜನ್ನು ಸುತ್ತಿ ಕೊನೆಗೆ ಹುಡುಗ ಹುಡುಗಿಯ ಕೈಗೆ ಹೋಯಿತು. ಅವರಿಬ್ಬರೂ ತಲೆಗೆ ತಲೆ ತಾಗಿಸಿ ಓದುತ್ತಾ ಏನೇನೋ ಹೇಳಿದರು. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ನಮ್ಮ ಕಡೆ ಊಟದಲ್ಲಿ ಗಂಭೀರ ಮಾತು ಬರುವುದು ಅನ್ನ ಬಂದ ಮೇಲೆ. ಮೊದಲು ಬರುವುದೆಲ್ಲ ಬಾಯಾಡಿಸುವುದಕ್ಕೆ. ಅನ್ನ ಬರಲಿ, ಎರಡು ತುತ್ತು ಒಳಗೆ ಹೋಗಲಿ, ಆಮೇಲೆ ನನ್ನ ವಾಕ್ಯ.

ಬಂದವು ಅಗಲ ಅಗಲ ಬಟ್ಟಲುಗಳು. ಒಂದರಲ್ಲಿ ಕೆನೆಬಣ್ಣದ ಲೇಪ, ನಡುವೆ ಗುಳಿ, ಗುಳಿಯಲ್ಲಿ ಎಣ್ಣೆ. ಇನ್ನೊಂದರಲ್ಲಿ ಬೂದುಬಣ್ಣದ್ದು. ಮತ್ತೊಂದರಲ್ಲಿ ಕೊತ್ತಂಬರಿಯಂಥ ಸೊಪ್ಪನ್ನು ರಾಶಿ ಹೆಚ್ಚಿಟ್ಟಿದ್ದರು. ಒಗ್ಗರಣೆಗೆ ಹಾಕುವುದನ್ನು ಮರೆತು ತಂದರೇನೋ ಎಂದು ನಾಗವೇಣಿ ಪಿಸುಗುಟ್ಟಿದಳು. ಒಂದು ಬುಟ್ಟಿಯ ತುಂಬ ಬಿಸಿ ರೊಟ್ಟಿ. ಬೇರೆ ಬೇರೆ ತಟ್ಟೆಗೆ ಬಡಿಸುತ್ತಾರೆ ಎಂದು ಕಾದೆವು. ಯಾರೂ ಬರಲಿಲ್ಲ. ಮೋಹನ ಮೆಲ್ಲಗೆ ಹೇಳಿದ, “ಇದು ಎಲ್ಲರೂ ಒಂದೇ ಬಟ್ಲಿಂದ ತಿನ್ನುದು. ರೊಟ್ಟಿ ಹರ್ದು, ಅದ್ದಿ.”

ಎಂಜಲು ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿರಿಯರಾದ ನಾವೆಲ್ಲರೂ ಅದನ್ನೇ ಯೋಚಿಸುತ್ತಿದ್ದೆವು. ಒಂದೇ ಚಪ್ಪರದ ಕೆಳಗೆ ಕೂರಬಹುದೋ ಇಲ್ಲವೋ ಎಂದು ಮಾತಾಡಲು ಬಂದವರು ಒಂದೇ ಬಟ್ಟಲಿಗೆ ಕೈ ಹಾಕಬೇಕು! ಅಲ್ಲದೆ ಮೊದಲು ಕೈ ಹಾಕುವವರು ಯಾರು? “ನೀವು ಸುರು ಮಾಡಿ ನಾಯಕ್ರೆ,” ಎಂದರು ಈರಪ್ಪನವರು. “ಛೆ ಛೆ, ನೀವು,” ಎಂದೆ. “ಇಲ್ಲ, ನೀವು.” “ನೀವು.” ರೊಟ್ಟಿ ತಣ್ಣಗಾಗುತ್ತಿತ್ತು. ಕೊನೆಗೆ ಇಬ್ಬರೂ ಸೋತು ಒಟ್ಟಿಗೇ ಕೈ ಚಾಚಿದೆವು, ಬಟ್ಟಲಿನ ಮೇಲೆ ಬೆರಳಿಗೆ ಬೆರಳು ತಾಗಿತು, ಇಬ್ಬರೂ ಬಿಸಿ ತಾಗಿದವರಂತೆ ಹಿಂದಕ್ಕೆಳೆದುಕೊಂಡೆವು. ರಂಜಿತಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

ಆ ಕೆನೆಬಣ್ಣದ ಲೇಪ ಏನೆಂಬುದು ಹೆಂಗಸರ ನಡುವೆ ಚರ್ಚೆಯಾಯಿತು. ನಾಗವೇಣಿ ಉದ್ದು ಎಂದಳು. ಮಾಸ್ತಮ್ಮ ಗೇರುಬೀಜ ಎಂದರು. ಗಲ್ಲಾದಲ್ಲಿದ್ದ ಮಾಲೀಕರು ನಮ್ಮ ಪೇಚಾಟ ನೋಡಿ ಎದ್ದುಬಂದರು. ಬಿಳಿ ಗಡ್ಡದ, ಸಮಾಧಾನದ ಮನುಷ್ಯ; ಭಟ್ಕಳದವರೇ. “ಅಕ್ಕಾ, ಇದು ಹುಮ್ಮುಸ್. ಕಾಬೂಲಿ ಕಡ್ಲೆ ಬೇಯ್ಸಿ ಎಳ್ಳಿನ ಒಟ್ಟಿಗೆ ಅರ್ದದ್ದು,” ಎಂದರು.

“ಕಡ್ಲೆಯಾ!” ಎಂದರು ಮಾಸ್ತಮ್ಮ. “ಅಷ್ಟ್ ಒಳ್ಳೆ ಕಡ್ಲೆ ಹಿಂಗೆ ಹಾಳ್ ಮಾಡುದಾ? ಕಾಯಿ ಹಾಕಿ ಸುಕ್ಕ ಮಾಡ್ಲಿಕ್ಕಿತ್ತು.”

“ಅದೇ ಅಲ್ದಾ?” ಎಂದಳು ನಾಗವೇಣಿ. ಅಲ್ಲಿಂದ ಇಬ್ಬರದೂ ಒಂದು ಪಕ್ಷವಾಯಿತು. ಬೂದುಬಣ್ಣದ್ದನ್ನು ಬಾಯಿಗಿಟ್ಟವರೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸುಟ್ಟ ಬದನೆಕಾಯಿ! ನಮ್ಮ ಮನೆಯಲ್ಲಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸು ಹಿಚುಕಿ ಮಾಡುವ ಗೊಜ್ಜಿನ ಅಣ್ಣನೋ ತಮ್ಮನೋ. ಅದಕ್ಕೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಇಬ್ಬರೂ ವಾದಕ್ಕಿಳಿದರು. ವಾದ ಮಾಡುತ್ತ ಮಾಡುತ್ತ ಆ ಬಟ್ಟಲನ್ನು ಇಬ್ಬರೇ ಖಾಲಿ ಮಾಡಿದ್ದನ್ನು ನಾನು ಗಮನಿಸಿದೆ. ಎಂಜಲಿನ ವಿಚಾರ ಎಲ್ಲಿಗೆ ಹೋಯಿತೋ.

ನಾನು ಮಾಲೀಕರ ಹತ್ತಿರ, “ಲೆಬನಾನಿನಲ್ಲಿ ಬಹಳ ವರ್ಷ ಇದ್ದಿರೋ?” ಎಂದು ಕೇಳಿದೆ.

“ನಾನಾ? ಲೆಬನಾನ್ ನಾನು ನೋಡ್ಲೇ ಇಲ್ಲ ಸಾರ್. ದುಬೈಯಲ್ಲಿ ಒಬ್ಬ ಲೆಬನಾನಿಯ ಹೋಟ್ಲಲ್ಲಿ ಇದ್ದೆ. ಅವನೂ ನೋಡಿರ್ಲಿಲ್ಲ. ಅವ ಹುಟ್ಟಿದ್ದೇ ಕುವೈತಲ್ಲಿ. ಅವನ ಅಪ್ಪ ನೋಡಿದ್ನಂತೆ.” ಹಾಗೆಂದು ನಕ್ಕು, “ಆದ್ರೂ ಈ ಪಾರ್ಸ್ಲಿ ಸೊಪ್ಪು ಒಂಚೂರು ದಪ್ಪ ಹೆಚ್ಚಿದ್ರೆ, ನಮ್ಮೂರಿನ ಮರ್ಯಾದೆ ಹೋಯ್ತು ಅಂತ ಬೈತಿದ್ದ,” ಎಂದರು.

ಈರಪ್ಪನವರು ಗಟ್ಟಿಯಾಗಿ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲು. ನನಗೂ ನಗು ಬಂತು. ಆದರೆ ನಗುತ್ತಿದ್ದ ಹಾಗೆ ಹಿರೇಗುತ್ತಿಯ ಅಕ್ಕ ನೆನಪಾದಳು, ನಗು ಅಲ್ಲಿಗೇ ನಿಂತಿತು. ನಮ್ಮ ಅರ್ಧ ಅಕ್ಷರ ಎಲ್ಲಿಂದ ಬಂತೆಂದು ಅಕ್ಕನಿಗೂ ಗೊತ್ತಿಲ್ಲ, ನನಗಂತೂ ಇಲ್ಲವೇ ಇಲ್ಲ. ಯಾರ ಅಪ್ಪನಾದರೂ ನೋಡಿದ್ದಿರಬೇಕು.

ಮಾತು ಎತ್ತಲು ನಾನು ಪ್ರಯತ್ನ ಮಾಡಲಿಲ್ಲವೆಂದಲ್ಲ. “ನೋಡಿ, ವಿಷಯ ಏನೆಂದರೆ...” ಎಂದು ಬಾಯಿ ತೆರೆದಾಗ ಗುಲಾಬಿ ಬಣ್ಣದ ಉಪ್ಪಿನಕಾಯಿ ಬಂತು. ಅದು ಏನೆಂದು ಎಲ್ಲರೂ ವಿಚಾರಿಸಿ ಮುಗಿಯುವಾಗ ವಾಕ್ಯದ ತಲೆ ಕೈತಪ್ಪಿತ್ತು. ಸ್ವಲ್ಪ ಹೊತ್ತಿಗೆ ಈರಪ್ಪನವರು ಗಂಟಲು ಸರಿಮಾಡಿಕೊಂಡು, “ಹೇಳುದು ಎಂತ ಅಂದ್ರೆ ನಾಯಕ್ರೆ...” ಎಂದರು, ಆಗ ಸುಟ್ಟ ಇಸೋಣ ಮೀನು ಬಂತು. ಮಸಾಲೆಯಿಲ್ಲ, ಕಾಯಿಯಿಲ್ಲ, ಹುಳಿಯಿಲ್ಲ, ಬರೀ ಮೀನು, ಪಕ್ಕದಲ್ಲಿ ನಿಂಬೆಹೋಳು. ಸಮುದ್ರದ ಬದಿಯಲ್ಲಿ ಹುಟ್ಟಿದ ನಾವು ಆರು ಜನ ಅದನ್ನು ಆಸ್ಪತ್ರೆಯಲ್ಲಿ ಮಲಗಿದ ನೆಂಟರನ್ನು ನೋಡುವ ಹಾಗೆ ನೋಡಿದೆವು. ಅವರ ಮಾತೂ ಅಲ್ಲಿಗೇ ನಿಂತಿತು.

ಅಷ್ಟರಲ್ಲಿ ಯಾರೂ ಬಾರದ ಆ ಜಾಗಕ್ಕೆ ನಮ್ಮ ಡಿಪೋದ ಒಬ್ಬ ಕಂಡಕ್ಟರ್ ಪಾರ್ಸೆಲ್ ತೆಗೆದುಕೊಳ್ಳಲು ಬಂದ. ನಾನು ಮುಖವನ್ನು ಮೆನುವಿನ ಹಿಂದೆ ಅಡಗಿಸಿದೆ. ಆದರೆ ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆಯದವನನ್ನು ಹಿಂದಿನ ಸೀಟಿನಲ್ಲೂ ಪತ್ತೆಹಚ್ಚುವ ಕಣ್ಣು ಅದು. “ಹೋ, ಸಾರ್! ನೀವೂ ಇಲ್ಲಿ ಬರ್ತ್ರಾ?” ಎಂದು ಹತ್ತಿರವೇ ಬಂದ. ಮೇಜಿನ ಸುತ್ತ ಕಣ್ಣಾಡಿಸಿ, ಸಂತೋಷದಿಂದ, “ಬೀಗ್ರಾ?” ಎಂದು ಕೇಳಿದ.

ಮೋಹನ ನೀರಿನ ಲೋಟವನ್ನು ನೋಡುತ್ತಿದ್ದ. ರಂಜಿತಾ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಆಗ ನಗುವಿರಲಿಲ್ಲ. ಚಿಕ್ಕವಳಿದ್ದಾಗ ಪರೀಕ್ಷೆಯ ಅಂಕಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವವರೆಗೆ ನಿಲ್ಲುತ್ತಿದ್ದ ಹಾಗೆ ಕಾಯುತ್ತಿದ್ದಳು. ನಾನು ಮೆನುವನ್ನು ಮಡಚಿ ಮೇಜಿನ ಮೇಲಿಟ್ಟೆ. ಈರಪ್ಪನವರೇ ಕಂಡಕ್ಟರನ ಕಡೆ ತಿರುಗಿ, “ಈಗ ಊಟ ನಡೀತಾ ಉಂಟು,” ಎಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ. ಇಷ್ಟು ವರ್ಷ ಕಿಟಕಿಯ ಹಿಂದೆ ಕೂತರೂ ಅಂಥ ಉತ್ತರವೊಂದು ನನಗೆ ಹೊಳೆದಿರಲಿಲ್ಲ. ಕಂಡಕ್ಟರ್ ತಲೆ ಕೆರೆದುಕೊಂಡು ಹೋದ.

ನಾಗವೇಣಿ ಕೈ ತೊಳೆದು ಬರುತ್ತೇನೆಂದು ಎದ್ದಳು. ಮಾಸ್ತಮ್ಮನೂ ಜೊತೆಗೆ ಹೋದರು. ಅವರು ತಿರುಗಿ ಬಂದಾಗ ಬಾಳೆಯೆಲೆಯ ಪೊಟ್ಟಣ ನಾಗವೇಣಿಯ ಕೈಯಲ್ಲಿರಲಿಲ್ಲ. ಮಲ್ಲಿಗೆ ತಲೆಯ ಮೇಲಿತ್ತು. ಅವಳು ನನ್ನ ಕಡೆ ನೋಡದೆ ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಕೇಳದೆ ಅವಳು ಮಾಡಿದ ತೀರ್ಮಾನಗಳು ಬಹಳ ಇವೆ. ಆದರೆ ಇಷ್ಟು ಪರಿಮಳ ಬಂದದ್ದು ಇದಕ್ಕೆ ಮಾತ್ರ.

ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದುಕೊಂಡೆ. ಆಗ ಕೋಳಿಯ ತುಂಡುಗಳು ಬಂದವು. ಅವುಗಳ ಜೊತೆಗೆ ಒಂದು ಚಿಕ್ಕ ಬಟ್ಟಲಿನಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಹೊಳೆಯುವ ಮೊಸರು. ನನಗೆ ಸಮಾಧಾನವಾಯಿತು. ಮೊಸರು ಬಂತೆಂದರೆ ಅನ್ನ ಹಿಂದೆಯೇ ಇದೆ ಎಂದರ್ಥ. ಅನ್ನ ಬಂತೆಂದರೆ ನನ್ನ ವಾಕ್ಯಕ್ಕೆ ದಾರಿ. ಬಾಯಿ ಹದಗೊಳ್ಳಲೆಂದು ಆ ಮೊಸರನ್ನು ಒಂದು ಚಮಚ ತುಂಬ ತೆಗೆದು ಬಾಯಿಗೆ ಹಾಕಿಕೊಂಡು, ಈರಪ್ಪನವರ ಕಣ್ಣಿನಲ್ಲಿ ಕಣ್ಣಿಟ್ಟು, “ನೋಡಿ...” ಎಂದೆ.

ಅದು ಮೊಸರಾಗಿರಲಿಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕಡೆದು ಮಾಡಿದ ಚಟ್ನಿ, ಅದಕ್ಕೆ ತೂಮ್ ಎನ್ನುತ್ತಾರಂತೆ; ರೊಟ್ಟಿಗೆ ಒಂದಿಷ್ಟೇ ಸವರಿಕೊಳ್ಳಬೇಕಾದದ್ದು. ಇದೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ, ನಾಲಗೆಯಿಂದ ಹೊರಟ ಬೆಂಕಿ ಮೂಗನ್ನು ದಾಟಿ ಕಿವಿಯಲ್ಲಿ ಹೊರಬಂತು. ಗಂಟಲು ಕಟ್ಟಿತು. ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ನಾನು ಈರಪ್ಪನವರನ್ನೇ ನೋಡುತ್ತಾ, “ನೋಡಿ... ನಮ್ಮ... ಮಗಳು...” ಎಂದೆ. ಮುಂದೆ ದನಿ ಹೊರಡಲಿಲ್ಲ.

ಈರಪ್ಪನವರ ಮುಖದ ಬಿಗಿ ಒಮ್ಮೆಲೇ ಕಳಚಿಬಿತ್ತು. ಮೇಜಿನ ಮೇಲಿಂದ ಕೈ ಚಾಚಿ, ಹುಮ್ಮುಸ್ ಮೆತ್ತಿದ ನನ್ನ ಬೆರಳುಗಳನ್ನೇ ಗಟ್ಟಿಯಾಗಿ ಹಿಡಿದುಕೊಂಡರು. “ಅಳ್ಬೇಡಿ ನಾಯಕ್ರೆ. ಅಳ್ಬೇಡಿ ಮಾರಾಯ್ರೆ,” ಎಂದರು.

ನಾನು ಅಲ್ಲ ಎಂದು ತಲೆಯಾಡಿಸಿದೆ. ಅದು ಅವರಿಗೆ ಬೇರೆಯೇ ಕಂಡಿತು.

“ಸತ್ಯ ಹೇಳ್ತೆ,” ಎಂದರು. “ನಾನು ಇವತ್ತು ಬೇಡ ಹೇಳುಕೇ ಬಂದದ್ದು. ನಿಮ್ಮ ಮನೆ ಹೆಣ್ಣು ನಮ್ಮಲ್ಲಿಗೆ ಹೊಂದುದಿಲ್ಲ, ನಾಳೆ ಮಾತು ಬರ್ತದೆ ಅಂತ ಹೇಳಿ ಎದ್ದು ಹೋಗುದು ಅಂತಲೇ ಬಂದದ್ದು. ಬೆಳಗಿಂದ ಅದನ್ನೇ ಬಾಯಿಪಾಠ ಮಾಡ್ತಾ ಇದ್ದೆ.” ಅವರು ನನ್ನ ಬೆರಳು ಬಿಡಲಿಲ್ಲ. “ನನ್ನ ಮಗ್ಳದ್ದು ಎಲ್ಲಾ ಸರಿ ನೋಡಿಯೇ ಮಾಡ್ದೆ. ಜಾತಿ ಸರಿ, ಜಾತಕ ಸರಿ, ಅಕ್ಷರ ಅಕ್ಷರ ಸರಿ. ಈಗ ಗಂಡನ ಮನೆ ಬಿಟ್ಟು ನಮ್ಮನೇಲೇ ಇದ್ದಾಳೆ. ಎರಡು ವರ್ಷ ಆತು, ಒಂದು ದಿನ ನಕ್ಕದ್ದು ನಾ ಕಾಣ್ಲಿಲ್ಲ. ಈ ಹುಡ್ಗಿ ಆಗಿಂದ ನಗು ಬಾರದ ಹಾಗೆ ತುಟಿ ಕಚ್ಕಂಡು ಕೂತದ್ದು ಕಂಡು ಕಂಡು ನಂಗೆ ಎಂತೋ ಆಗ್ತಾ ಇತ್ತು. ಅದ್ರ ಮೇಲೆ ನೀವು ಹಿಂಗೆ ಕಣ್ಣೀರು ಹಾಕಿದ್ರೆ ನಾ ಮನೆಗೆ ಹ್ಯಾಂಗೆ ಹೋಗುದು? ನಿಮ್ಮ ಮಗ್ಳು ನಮ್ಮನೇಲಿ ನಗ್ತಾ ಇರ್ಲಿ. ಅಷ್ಟೇ ಸಾಕು.”

ಮಾಸ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ರಂಜಿತಾ ತಲೆ ಬಗ್ಗಿಸಿ ಕೂತಿದ್ದಳು. ಮೋಹನ, ಸೂಜಿ ಕಂಡಾಗ ಹೇಗೋ ಹಾಗೆ, ಕಣ್ಣು ಮುಚ್ಚಿಕೊಂಡಿದ್ದ. ಬೆಳ್ಳುಳ್ಳಿಯ ಉರಿ ಅಷ್ಟು ಹೊತ್ತಿಗೆ ಇಳಿದಿತ್ತು. ನನ್ನ ವಾಕ್ಯ ಇಡಿಯಾಗಿ, ಒಂದು ಅಕ್ಷರವೂ ಕೆಡದೆ, ನಾಲಗೆಯ ತುದಿಯಲ್ಲಿ ಬಂದು ಕೂತಿತ್ತು. ಎಲ್ಲರೂ ನನ್ನ ಮಾತಿಗೇ ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ, ಆ ಬಿಳಿ ಚಟ್ನಿಯನ್ನೇ ಇನ್ನೊಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ.

ಉರಿ ಇಳಿದ ಮೇಲೆ ನನ್ನ ಬಾಯಿಂದ ಬಂದ ಮಾತು ಇದು: “ಅನ್ನ ಬರಲೇ ಇಲ್ಲವಲ್ಲ.”

“ಅನ್ನ ಇಲ್ಲಿ ಎಲ್ಲಿ ಬರ್ತದೆ!” ಎಂದರು ಈರಪ್ಪನವರು. “ಅನ್ನ ನಮ್ಮನೇಲಿ ಉಣ್ಣುವಾ. ಮುಂದಿನ ಆದಿತ್ಯವಾರ ಎಲ್ಲಾ ಬನ್ನಿ.”

“ಆತು,” ಎಂದೆ.

ಅದು ಅಷ್ಟು ಚಿಕ್ಕ ಮಾತು. ಬಸ್ಸು ಹೊರಡಲು ಕಂಡಕ್ಟರನಿಗೆ ನಾನು ದಿನವೂ ಹೇಳುವ ಮಾತು. ಅದನ್ನು ಹೇಳಿದ ಮೇಲೆ ಹಿಂದಕ್ಕೆ ಕರೆಯಲು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಮುಟ್ಟಳ್ಳಿಗೆ ಹೋದೆವು. ಕೆಂಪು ಕುಚ್ಚಲಕ್ಕಿ ಅನ್ನ, ಕಾಯಿ ಅರೆದ ಮೀನುಸಾರು. ಈರಪ್ಪನವರ ಮಗಳೇ ಬಡಿಸಿದಳು; ಮಾತು ಕಡಿಮೆ. ರಂಜಿತಾ ಊಟ ಬಿಟ್ಟು ಅವಳ ಹಿಂದೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಒಳಗಿನಿಂದ ಎರಡು ದನಿಯ ನಗು ಕೇಳಿದಾಗ ಈರಪ್ಪನವರು ತುತ್ತು ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದ್ದರು. ಮದುವೆಯ ಕಾಗದ ಅಚ್ಚು ಹಾಕಿಸುವಾಗ ಪ್ರೆಸ್ಸಿನವನು ಎರಡೂ ಕಡೆಯವರನ್ನು ಒಂದೇ ತರ ನಾಯಕ ಎಂದು ಹಾಕಿದ್ದ. ನಾನು ಸುಮ್ಮನಿದ್ದೆ, ಈರಪ್ಪನವರು, “ನಮ್ಮದು ನಮ್ಮ ಹಾಗೇ ಹಾಕಿ,” ಎಂದು ತಿದ್ದಿಸಿದರು. ಅದೂ ಸರಿಯೇ ಎನಿಸಿತು. ಹಿರೇಗುತ್ತಿಯ ಅಕ್ಕ ಮದುವೆಗೆ ಬರುವುದಿಲ್ಲ ಎಂದವಳು, ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಳು. ಮಾಸ್ತಮ್ಮನ ಜೊತೆ ಸೇರಿ ಪಾಯಸಕ್ಕೆ ಸಕ್ಕರೆ ಜಾಸ್ತಿಯಾಯಿತೆಂದು ಹೇಳುತ್ತಾ ಎರಡು ಸಲ ಹಾಕಿಸಿಕೊಂಡಳು. ಊರವರು ಏನೂ ಕೇಳಲಿಲ್ಲ. ಕೆಲವರು ಕೇಳದೆಯೇ ಬಾರದೆ ಉಳಿದರು. ಅದು ಇಂದಿಗೂ ಒಮ್ಮೊಮ್ಮೆ ಚುಚ್ಚುತ್ತದೆ, ಸುಳ್ಳು ಹೇಳಬಾರದು.

ಆದರೆ ಮುಟ್ಟಳ್ಳಿಯಲ್ಲಿ ನನಗೆ ಬಂದ ಹೆಸರೇ ಬೇರೆ. ಈರಪ್ಪನವರು ಕಂಡವರಿಗೆಲ್ಲ ನನ್ನನ್ನು ಪರಿಚಯಿಸುವುದು ಹೀಗೆ: “ಇವ್ರು ನಮ್ಮ ಬೀಗ್ರು. ಬಾಳಾ ಮೆತ್ತಗಿನ ಮನುಷ್ಯ. ಮಗ್ಳ ಮಾತು ಎತ್ತಿದ ಕೂಡ್ಲೇ ಹೋಟ್ಲಲ್ಲೇ ಅತ್ತುಬಿಟ್ರು.” ಅವರ ನೆಂಟರು ನನ್ನ ಕೈ ಹಿಡಿದು ತಲೆಯಾಡಿಸುತ್ತಾರೆ. ಒಂದು ಮನೆಯಲ್ಲಂತೂ ನಾನು ಬರುವೆನೆಂದು ಟಿ.ವಿ.ಯಲ್ಲಿ ಬರುತ್ತಿದ್ದ ದುಃಖದ ಧಾರಾವಾಹಿಯನ್ನು ಆರಿಸಿದರು. ಸತ್ಯ ಹೇಳಿಬಿಡೋಣವೆಂದು ಎಷ್ಟೋ ಸಲ ಅನಿಸಿದೆ. ಈರಪ್ಪನವರ ಮುಖ ನೋಡಿದರೆ ಮನಸ್ಸು ಬರುವುದಿಲ್ಲ.

ಕೊನೆಗೆ ಒಬ್ಬರಿಗಾದರೂ ಗೊತ್ತಿರಲಿ ಎಂದು ಮೊನ್ನೆ ಸಂಜೆ ಚಹಾ ಕುಡಿಯುವಾಗ ನಾಗವೇಣಿಗೆ ಹೇಳಿದೆ. “ಆ ದಿನ ನಾನು ಅತ್ತದ್ದಲ್ಲ. ಅದು ಬೆಳ್ಳುಳ್ಳಿ.”

ಅವಳು ಆಶ್ಚರ್ಯಪಡಲಿಲ್ಲ. “ಮೊದ್ಲನೇ ಚಮಚ ಬೆಳ್ಳುಳ್ಳಿ, ಅದು ನಂಗೂ ಗೊತ್ತು,” ಎಂದಳು. “ಬೆಳ್ಳುಳ್ಳಿ ಅಂತ ಗೊತ್ತಾದ ಮೇಲೂ ಎರಡ್ನೇ ಚಮಚ ಎಂತಕ್ಕೆ ಹಾಕ್ಕಂಡ್ರಿ?”

ನಾನು ಚಹಾದ ಲೋಟದೊಳಗೆ ನೋಡಿದೆ. ಅಲ್ಲಿ ಏನೂ ಉಳಿದಿರಲಿಲ್ಲ.

“ರುಚಿಯಾಗಿತ್ತು,” ಎಂದೆ.